ಹೆಬ್ಬೆಟ್ಟಿನ ಆಟಗಾರ

ಅಜ್ಜನ ಕಾಲಕ್ಕೆ ಹೆಬ್ಬೆಟ್ಟು ಎಂದರೆ ಓದು ಬಾರದವನ ಗುರುತು. ಸಾಹುಕಾರನ ಕಾಗದದ ಮೇಲೆ ಅದನ್ನೊಮ್ಮೆ ಒತ್ತಿದರೆ ಎರಡೆಕರೆ ಹೊಲ ಕೈಬಿಟ್ಟು ಹೋಗುತ್ತಿತ್ತು. ಮೊಮ್ಮಗನ ಕಾಲಕ್ಕೆ ಅದೇ ಹೆಬ್ಬೆಟ್ಟು ವಿದ್ಯೆಯಾಗಿದೆ. ಒತ್ತಿದರೆ ಮ್ಯಾಡ್ರಿಡ್ಡಿನಲ್ಲಿ ಗೋಲು ಬೀಳುತ್ತದೆ. ಬೀದರಿನ ಚೌಬಾರಾದ ಸುತ್ತಿನ ಗಲ್ಲಿಗಳಲ್ಲಿ, ಭಾಲ್ಕಿ ರೈಲು ನಿಲ್ದಾಣದ ಬೆಂಚುಗಳ ಮೇಲೆ, ಔರಾದ ಬಸ್‌ಸ್ಟ್ಯಾಂಡಿನ ಪಕ್ಕದ ಚಹಾದಂಗಡಿಯ ಹಿಂಬದಿಯಲ್ಲಿ ಈ ವಿದ್ಯಾವಂತನನ್ನು ಯಾರು ಬೇಕಾದರೂ ಗುರುತಿಸಬಹುದು. ವಯಸ್ಸು ಹದಿನಾರಕ್ಕೂ ಇಪ್ಪತ್ನಾಲ್ಕಕ್ಕೂ ನಡುವೆ. ಕುತ್ತಿಗೆ ಕೊಕ್ಕರೆಯಂತೆ ಬಾಗಿರುತ್ತದೆ, ಎರಡೂ ಮೊಣಕೈ ಪಕ್ಕೆಗೆ ಅಂಟಿರುತ್ತವೆ, ನಾಲಗೆಯ ತುದಿ ತುಟಿಯಂಚಿಗೆ ಬಂದು ನಿಂತಿರುತ್ತದೆ, ಬೆನ್ನ ಮೇಲೆ ‘ಮೆಸ್ಸಿ 10’ ಎಂದು ಬರೆದಿರುತ್ತದೆ. ಪರದೆಯೊಳಗಿನ ಆಟಗಾರ ಬಲಕ್ಕೆ ಓಡಿದರೆ ಇವನ ಮೈ ಬಲಕ್ಕೆ ವಾಲುತ್ತದೆ. ಚೆಂಡು ಗೋಲಿನ ಹತ್ತಿರ ಬಂದರೆ ಇವನ ಕಾಲು ತಾನಾಗಿ ಗಾಳಿಯನ್ನು ಒದೆಯುತ್ತದೆ. ಕಾಲಿನ ಆಟದಲ್ಲಿ ಕಾಲಿಗೆ ಸಿಗುವ ಕೆಲಸ ಇಷ್ಟೇ. ದ್ರೋಣಾಚಾರ್ಯರು ಇವತ್ತು ಬಂದು ಗುರುದಕ್ಷಿಣೆ ಕೇಳಿದರೆ ಬರಿಗೈಲಿ ಹೋಗಬೇಕಾದೀತು. ಎಡಗೈ ಹೆಬ್ಬೆಟ್ಟು ಓಡುವುದಕ್ಕೆ ಬೇಕು, ಬಲಗೈ ಹೆಬ್ಬೆಟ್ಟು ಒದೆಯುವುದಕ್ಕೆ ಬೇಕು. ಇವನ ಹತ್ತಿರ ಕೊಡುವಂಥ ಹೆಬ್ಬೆಟ್ಟು ಯಾವುದೂ ಉಳಿದಿಲ್ಲ.

ಇವನ ಮೈದಾನವನ್ನು ಮೂಲೆಯಿಂದ ಮೂಲೆಗೆ ಅಳೆದರೆ 4.3 ಇಂಚು. ಸೋನಿ ಕಂಪನಿ 2004ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಬಿಡುಗಡೆ ಮಾಡಿದ ಪಿಎಸ್‌ಪಿ ಎಂಬ ಅಂಗೈ ಯಂತ್ರದ ಪರದೆ ಅಷ್ಟೇ ಇತ್ತು. ನಮ್ಮ ಸೀಮೆಗೆ ಅಂಥ ವಸ್ತು ಬರುವ ದಾರಿ ಎರಡು: ಹೈದರಾಬಾದಿನ ಬಜಾರು, ಇಲ್ಲವೆ ಜೆಡ್ಡಾದಿಂದ ರಜೆಗೆ ಬಂದ ಮಾಮಾನ ಸೂಟ್‌ಕೇಸು. ಯಂತ್ರದ ಬ್ಯಾಟರಿ ಉಬ್ಬಿ ಅದು ಅಲಮಾರಿ ಸೇರಿದ ಮೇಲೂ ಆಟ ಸಾಯಲಿಲ್ಲ. 2012ರ ನವೆಂಬರಿನಲ್ಲಿ ಪಿಪಿಎಸ್‌ಎಸ್‌ಪಿಪಿ ಎಂಬ ತಂತ್ರಾಂಶ ಬಂದು ಪಿಎಸ್‌ಪಿಯ ಆತ್ಮವನ್ನು ಸಾದಾ ಮೊಬೈಲಿನೊಳಗೆ ಆವಾಹನೆ ಮಾಡಿತು. ಹೀಗಾಗಿ ಐದಾರು ಸಾವಿರದ ಫೋನಿನವನೂ ಕೊನಾಮಿ ಕಂಪನಿಯ ‘ಪ್ರೊ ಎವಲ್ಯೂಶನ್ ಸಾಕರ್’ ಆಡಬಲ್ಲ. ಕೊನಾಮಿ ಪಿಎಸ್‌ಪಿಗೆಂದು ಮಾಡಿದ ಕೊನೆಯ ಆಟ 2014ರ ಆವೃತ್ತಿ. ಅದಕ್ಕೇ ಜಗತ್ತಿನ ನಾನಾ ಮೂಲೆಯ ಹುಡುಗರು ವರ್ಷವರ್ಷ ಹೊಸ ಜೆರ್ಸಿ, ಹೊಸ ಮುಖ, ಹೊಸ ಹೆಸರು ತೊಡಿಸಿ ಹಂಚುತ್ತಾರೆ. ಜಾತ್ರೆ ಬಂತೆಂದರೆ ಹಳೆಯ ಗೋಡೆಗೆ ಸುಣ್ಣ ಬಳಿಯುವುದು ನಮಗೆ ಹೊಸದೇನಲ್ಲ. ಒಳಗಿನ ಕಲ್ಲು ಅದೇ, ಮೇಲಿನ ಬಿಳುಪು ಈ ವರ್ಷದ್ದು. ದುಡ್ಡಿದ್ದವರ ಅಂಗೈಯಲ್ಲೂ ಕತೆ ಬಹಳ ಬೇರೆಯಿಲ್ಲ. ನಿಂಟೆಂಡೊ ಸ್ವಿಚ್ ಎಂಬ ದುಬಾರಿ ಯಂತ್ರಕ್ಕೆ ಫಿಫಾ 20ರಿಂದ ಫಿಫಾ 23ರವರೆಗೆ ಇಎ ಕಂಪನಿ ಕೊಟ್ಟದ್ದು ‘ಲೆಗಸಿ ಎಡಿಷನ್’. ಲೆಗಸಿ ಎಂದರೆ ಪಿತ್ರಾರ್ಜಿತ ಎಂದೇನೋ ಕೇಳಿಸುತ್ತದೆ. ನಿಜವಾದ ಅರ್ಥ, ಹಿಂದಿನ ವರ್ಷದ ಆಟಕ್ಕೆ ಈ ವರ್ಷದ ಅಂಗಿ.

ಇಷ್ಟಾದರೂ ಇವನ ಬಾಯಲ್ಲಿ ಸದಾ ಇರುವ ಮಾತು ‘ರಿಯಲಿಸ್ಟಿಕ್’. ಆಟ ರಿಯಲಿಸ್ಟಿಕ್ ಇರಬೇಕು. ಹುಲ್ಲು ತುಳಿದಲ್ಲಿ ಬಾಗಬೇಕು, ಮಳೆ ಬಂದರೆ ಚೆಂಡು ಜಾರಬೇಕು, ಎಂಬತ್ತನೇ ನಿಮಿಷಕ್ಕೆ ಆಟಗಾರನಿಗೆ ಏದುಸಿರು ಬರಬೇಕು. ಫಿಫಾ 22 ಮಾಡುವಾಗ 22 ಮಂದಿ ವೃತ್ತಿಪರ ಆಟಗಾರರಿಗೆ ಮೈತುಂಬ ಸೆನ್ಸರ್ ಅಂಗಿ ತೊಡಿಸಿ ಪೂರ್ತಿ ಪಂದ್ಯ ಆಡಿಸಿ ಅವರ ಚಲನೆಯನ್ನು ಹಿಡಿದರಂತೆ ಎಂದು ಹೇಳುವಾಗ ಇವನ ಮುಖದಲ್ಲಿ, ಅಂಗಿ ಹೊಲಿದ ದರ್ಜಿಯೇ ತಾನೆಂಬ ಹೆಮ್ಮೆ. ಮಾತು ನಿಜವೇ; ಆದರೆ ಆ ಕರಾಮತ್ತು ಬಂದದ್ದು ಮನೆಯ ಟಿವಿಗೆ ಜೋಡಿಸುವ ಹೊಸ ದೊಡ್ಡ ಯಂತ್ರಗಳಿಗೆ, ಅಂಗೈಗಲ್ಲ. ಅದಿರಲಿ. ಹಿರಿಯರಿಗೆ ಇದನ್ನೆಲ್ಲ ಕೇಳಿ ಒಂದೇ ಚಿಂತೆ: ಹುಡುಗ ಕೈಬಿಟ್ಟು ಹೋದ, ಮೈ ಮಾತ್ರ ಬೀದರಿನಲ್ಲಿದೆ, ಮನಸ್ಸು ಮ್ಯಾಂಚೆಸ್ಟರಿನ ಮಳೆಯಲ್ಲಿ ನೆನೆಯುತ್ತಿದೆ. ಈ ಚಿಂತೆ ತಲೆಕೆಳಗಾಗಿದೆ ಎಂಬುದೇ ಇಲ್ಲಿನ ವಾದ. ಆಟ ಇವನನ್ನು ಯುರೋಪಿಗೆ ಒಯ್ದಿಲ್ಲ. ಇವನೇ ಯುರೋಪನ್ನು ಕಿವಿ ಹಿಡಿದು ಬೀದರಿಗೆ ತಂದಿದ್ದಾನೆ. ಬಿದರಿ ಹೂಜಿಯನ್ನೇ ನೋಡಿ. ಅದರ ಬಳ್ಳಿ-ಹೂವಿನ ಚಿತ್ತಾರದಲ್ಲಿ ಇರಾನಿನ ನೆರಳಿದೆ, ಸತು ತಾಮ್ರ ಬೆಳ್ಳಿ ಎಲ್ಲೆಲ್ಲಿಂದಲೋ ಬರುತ್ತವೆ. ಕೊನೆಗೆ ಹಳೆಯ ಕೋಟೆಯ ಮಣ್ಣನ್ನು ನವಸಾಗರದ ಜೊತೆ ಕುದಿಸಿ ಮೈಗೆ ಹಚ್ಚಿದಾಗ ಲೋಹವೆಲ್ಲ ಕಪ್ಪಾಗಿ, ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಆ ಕಪ್ಪಿನಿಂದಲೇ ಅದು ಬಿದರಿ. 2006ರಲ್ಲಿ ಸಿಕ್ಕ ಭೌಗೋಳಿಕ ಗುರುತು ಅದಕ್ಕೆ ಸಂದ ಮರ್ಯಾದೆ. ನಮ್ಮ ಹೆಬ್ಬೆಟ್ಟಿನ ಆಟಗಾರನೂ ಜಪಾನಿನವರು, ಕೆನಡಾದವರು ಮಾಡಿದ ಆಟಕ್ಕೆ ಇಲ್ಲಿನ ಮಣ್ಣು ಹಚ್ಚಿ ಕೂತಿದ್ದಾನೆ.

ಮೊದಲ ಸಾಕ್ಷಿ ಇವನ ಸೋಲು. ಇವನು ಗೆದ್ದರೆ ಇವನೇ ಗೆದ್ದ. ಸೋತರೆ ಸೋತದ್ದು ಬೇರೆ ಯಾರೋ. ಹೆಬ್ಬೆಟ್ಟು ಬೆವೆತಿತ್ತು, ಚಾರ್ಜ್ ಆರು ಪರ್ಸೆಂಟಿಗೆ ಬಂದಿತ್ತು, ಫೋನು ಬಿಸಿಯಾಗಿತ್ತು, ಕರೆಂಟು ಹೋಗಿ ಫ್ಯಾನು ನಿಂತಿತ್ತು, ಗುಂಡಿ ಅದಲುಬದಲಾಗಿತ್ತು. ಗುಂಡಿಯ ದೂರು ಮಾತ್ರ ಖರೇ ಇರಬಹುದು. ಕೊನಾಮಿ ಆಟದಲ್ಲಿ ಚೌಕದ ಗುಂಡಿ ಒತ್ತಿದರೆ ಚೆಂಡು ಗೋಲಿನತ್ತ ಹೋಗುತ್ತದೆ, ವೃತ್ತ ಒತ್ತಿದರೆ ಎತ್ತರಕ್ಕೆ ಹಾರುತ್ತದೆ. ಇಎ ಆಟದಲ್ಲಿ ಇದು ಅದಲುಬದಲು. ಒಂದನ್ನು ಆಡಿ ಬೆರಳು ಪಳಗಿದವನು ಇನ್ನೊಂದಕ್ಕೆ ಬಂದರೆ, ಹೊಸ ಸೊಸೆ ಅತ್ತೆಯ ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿಯೆಂದು ಸಕ್ಕರೆಗೆ ಕೈ ಹಾಕಿದಂತೆ, ಖಾಲಿ ಗೋಲಿನ ಮುಂದೆ ನಿಂತು ಚೆಂಡನ್ನು ಗ್ಯಾಲರಿಗೆ ಕಳಿಸುತ್ತಾನೆ. ಈ ನೆಪಗಳೆಲ್ಲ ಮುಗಿದ ಮೇಲೆ ಬ್ರಹ್ಮಾಸ್ತ್ರ ಬರುತ್ತದೆ: ‘ಸ್ಕ್ರಿಪ್ಟಿಂಗ್ ಅದ ಅಣ್ಣಾ’. ಅಂದರೆ, ಯಾರು ಗೆಲ್ಲಬೇಕೆಂದು ಕಂಪನಿ ಮೊದಲೇ ಬರೆದಿಟ್ಟಿದೆ, ತೊಂಬತ್ತನೇ ನಿಮಿಷದ ಗೋಲು ಪಂದ್ಯ ಶುರುವಾಗುವ ಮುಂಚೆಯೇ ನಿಶ್ಚಯವಾಗಿದೆ, ನಾವು ಸುಮ್ಮನೆ ಬೆರಳು ಸವೆಸುವವರು. ಇದನ್ನು ಕನ್ನಡದಲ್ಲಿ ಹಣೆಬರಹ ಎನ್ನುತ್ತಾರೆ. ಮಳೆ ಕೈಕೊಟ್ಟು ತೊಗರಿ ಒಣಗಿದಾಗ ಇವನ ಅಜ್ಜ ಹಣೆ ಮುಟ್ಟಿಕೊಂಡು ಹೇಳುತ್ತಿದ್ದುದನ್ನೇ ಇವನು ಫೋನು ಮುಟ್ಟಿಕೊಂಡು ಹೇಳುತ್ತಾನೆ. ಇಂಗ್ಲಿಷು ಹೊಸದು, ವೇದಾಂತ ಮನೆಯದು.

ಎರಡನೆಯ ಸಾಕ್ಷಿ ಹೆಸರು ಮತ್ತು ವ್ಯಾಪಾರ. ಪರವಾನಗಿ ಇಲ್ಲದ ಕ್ಲಬ್ಬಿನ ಹೆಸರು ಹೇಳುವಂತಿಲ್ಲ ಎಂಬುದು ಈ ಆಟಗಳ ಕಟ್ಟಳೆ. ಹಾಗಾಗಿ ಕೊನಾಮಿಯ ಆಟದಲ್ಲಿ ಲಿವರ್‌ಪೂಲ್ ಬಹುಕಾಲ ‘ಮರ್ಸಿಸೈಡ್ ರೆಡ್’ ಆಗಿತ್ತು. ಯುವೆಂಟಸ್ ಕ್ಲಬ್ಬು ಕೊನಾಮಿಯ ಜೊತೆ ಒಪ್ಪಂದ ಮಾಡಿಕೊಂಡಿದ್ದರಿಂದ ಫಿಫಾ 20ರಲ್ಲಿ ಅದು ‘ಪಿಯೆಮೊಂಟೆ ಕಾಲ್ಚೊ’ ಆಗಿ ವೇಷ ಮರೆಸಿತು. ಬೇರೆ ಊರಿನವರಿಗೆ ಇದು ಕಿರಿಕಿರಿ ಎನಿಸಬಹುದು. ನಮ್ಮ ಹುಡುಗನಿಗೆ ಒಂದು ಕ್ಷಣವೂ ತೊಡಕಾಗುವುದಿಲ್ಲ. ಗಂಡನ ಹೆಸರು ನೇರ ಹೇಳದೆ ಒಡಪು ಹಾಕಿ ತಿಳಿಸುವ ಅವ್ವಂದಿರ ಮಡಿಲಲ್ಲಿ ಬೆಳೆದವನಿಗೆ ‘ಕೆಂಪಂಗಿಯ, ಮರ್ಸಿ ನದಿ ದಂಡೆಯ’ ಎಂದರೆ ಸಾಕು, ಯಜಮಾನರು ಯಾರೆಂದು ತಿಳಿಯುತ್ತದೆ. ಇನ್ನು ಆಟಗಾರರನ್ನು ಕೊಳ್ಳುವ ಮಾರುವ ಸಂತೆ. ಹಿಂದೆ ದನದ ಜಾತ್ರೆಯಲ್ಲಿ ದೇವಣಿ ಹೋರಿಯ ವ್ಯಾಪಾರ ಬಾಯಲ್ಲಿ ಆಗುತ್ತಿರಲಿಲ್ಲ. ಕೊಳ್ಳುವವನೂ ಮಾರುವವನೂ ಟವೆಲ್ಲಿನ ಅಡಿಯಲ್ಲಿ ಕೈ ಕೂಡಿಸಿ ಬೆರಳು ಹಿಡಿದು ಬೆಲೆ ಹೇಳಿಕೊಳ್ಳುತ್ತಿದ್ದರು, ಸುತ್ತ ನಿಂತವರಿಗೆ ಸುಳಿವು ಸಿಗುತ್ತಿರಲಿಲ್ಲ. ಮೊಮ್ಮಗನ ವ್ಯಾಪಾರವೂ ರಾತ್ರಿ ಹನ್ನೊಂದರ ಮೇಲೆ ಚಾದರದ ಅಡಿಯಲ್ಲಿ ಬೆರಳಿನಿಂದಲೇ ನಡೆಯುತ್ತದೆ, ಪಕ್ಕದಲ್ಲಿ ಮಲಗಿದ ಅಪ್ಪನಿಗೆ ಸುಳಿವು ಸಿಗುವುದಿಲ್ಲ. ಹೋರಿಯ ಹಲ್ಲು ಎಣಿಸಿ ವಯಸ್ಸು ಹೇಳುತ್ತಿದ್ದ ಮನೆತನದವನು ಇವನು; ಮೂವತ್ತು ದಾಟಿದ ಸ್ಟ್ರೈಕರನನ್ನು ಕೊಳ್ಳುವುದಿಲ್ಲ, ಹತ್ತೊಂಬತ್ತರ ಕರುವನ್ನು ತಂದು ಮೇಯಿಸಿ ನಾಲ್ಕು ಪಟ್ಟು ಬೆಲೆಗೆ ಮಾರುತ್ತಾನೆ. ಗಾಂಧಿ ಗಂಜಿನ ಅಡತ್ಯಾನೊಬ್ಬ ಇವನ ಲೆಕ್ಕ ನೋಡಿದರೆ ಮರುದಿನವೇ ಗಾದಿಯ ಮೇಲೆ ಕೂಡಿಸಿಕೊಂಡಾನು.

ಮೂರನೆಯ ಸಾಕ್ಷಿ ಮಾತು. ಪರದೆಯೊಳಗೆ ಇಂಗ್ಲಿಷ್ ವೀಕ್ಷಕ ವಿವರಣೆಗಾರ ತನ್ನ ಪಾಡಿಗೆ ಕಾವ್ಯ ಹೇಳುತ್ತಿರುತ್ತಾನೆ. ಹೊರಗೆ ಒಂದೇ ಚಾರಪಾಯಿಯ ಮೇಲೆ ಕೂತ ನಾಲ್ವರು ಒಂದೇ ಗೋಲಿಗೆ ಮೂರು ಭಾಷೆ ಖರ್ಚು ಮಾಡುತ್ತಾರೆ. ಪಾಸು ಕೇಳುವುದು ದಖ್ಖನಿಯಲ್ಲಿ, ‘ಹೊಡಿ ಹೊಡಿ’ ಕನ್ನಡದಲ್ಲಿ, ರೆಫ್ರಿಗೆ ಬೈಗುಳ ಮರಾಠಿಯಲ್ಲಿ, ಚೆಂಡು ಕಂಬಕ್ಕೆ ಬಡಿದರೆ ‘ಅಯ್ಯೋ’ ಮಾತ್ರ ಎಲ್ಲ ಭಾಷೆಯಲ್ಲೂ. ಮೂರು ರಾಜ್ಯ ಕೂಡುವ ಔರಾದದಂಥ ಕಡೆ ತೆಲುಗೂ ಬಂದು ಅಂಚಿಗೆ ಕೂಡುತ್ತದೆ. ಒಳಗಿನಿಂದ ಅವ್ವ ಕೂಗುತ್ತಾಳೆ: ‘ಏ ತಮ್ಮಾ, ರೊಟ್ಟಿ ಆರ್ಲತ್ತದ, ಬಾ’. ‘ತಡಿ ಅವ್ವಾ, ಇಂಜುರಿ ಟೈಮ್ ನಡದದ’. ‘ಯಪ್ಪಾ, ಯಾರಿಗಿ ಪೆಟ್ಟಾಗ್ಯಾದೋ?’ ಎಂದು ಅವಳು ಹಿಟ್ಟಿನ ಕೈಯಲ್ಲೇ ಹೊರಗೆ ಬರುತ್ತಾಳೆ. ಪೆಟ್ಟಾದವರು ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ, ಆಗದಿದ್ದ ಪೆಟ್ಟು ಮಗನ ಬೆನ್ನಿಗೆ ಆಗುತ್ತದೆ. ನೀಟ್ ಕೋಚಿಂಗಿಗೆ ಹೆಸರಾದ ಊರಿದು. ಹಾಗಾಗಿ ಫೋನು ಇರುವುದು ಫಿಸಿಕ್ಸ್ ಪುಸ್ತಕದ ಮಡಿಕೆಯಲ್ಲಿ. ನಿಜಾಮರ ಆಳ್ವಿಕೆಯಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಸಂಗತಿ ಈ ಸೀಮೆಯ ಮಕ್ಕಳಿಗೂ ಗೊತ್ತು. ಆ ದೊಡ್ಡ ಕೆಲಸದ ಪಕ್ಕದಲ್ಲಿ ಈ ಚಿಲ್ಲರೆಯನ್ನು ಇಡಲಾಗದು. ಆದರೂ ಫಲಕ ಒಂದಿರಲಿ, ಒಳಗಿನ ಪಾಠ ನಮಗೆ ಬೇಕಾದ್ದಿರಲಿ ಎಂಬ ಜಾಣತನ ನೆಲದ ಗುಣವಾಗಿ ಇಳಿದು ಬಂದಿದೆ. ಮೊಮ್ಮಕ್ಕಳು ಅದನ್ನು ಅಗ್ಗದ ಕೆಲಸಕ್ಕೆ ಬಳಸುತ್ತಿದ್ದಾರೆ, ಅಷ್ಟೇ.

ಇಲ್ಲಿ ಹಿರಿಯರು ಎದ್ದು ನಿಂತು ಕೇಳುತ್ತಾರೆ: ಇದೆಲ್ಲ ಸರಿ, ನೆಹರು ಕ್ರೀಡಾಂಗಣ ಊರಲ್ಲೇ ಇದೆಯಲ್ಲ, ಹೋಗಿ ಕಾಲಲ್ಲಿ ಆಡಬಾರದೇ? ಆಡಬಾರದೆಂದು ಯಾರೂ ಹೇಳುವುದಿಲ್ಲ. ಆದರೆ ಕಾಲಿನ ಆಟಕ್ಕೆ ಇಪ್ಪತ್ತೆರಡು ಜನ ಬೇಕು, ಬಯಲು ಬೇಕು, ನಲವತ್ತು ಡಿಗ್ರಿ ದಾಟುವ ಮೇ ತಿಂಗಳಲ್ಲಿ ಆ ಕೆಂಪು ಮೊರಂ ನೆಲದ ಮೇಲೆ ಬೀಳುವ ಧೈರ್ಯ ಬೇಕು. ಒಂದು ಟ್ಯೂಷನ್ನಿಗೂ ಇನ್ನೊಂದಕ್ಕೂ ನಡುವೆ ಮನೆಯವರು ಬಿಟ್ಟುಕೊಟ್ಟಿರುವ ಬಿಡುವು ಹದಿನೈದು ನಿಮಿಷದ್ದು. ಅಂಗೈ ಪಂದ್ಯ ಹತ್ತರಲ್ಲಿ ಮುಗಿಯುತ್ತದೆ. ಬಯಲಿನ ಆಟದ ಹೊತ್ತನ್ನು ಫೋನು ತಿನ್ನುವ ಮೊದಲೇ ಕೋಚಿಂಗು ತಿಂದಿತ್ತು. ಉಳಿದ ಚೂರನ್ನು ನೆಕ್ಕಿದವನ ಮೇಲೆ ಪೂರ್ತಿ ಕಳವಿನ ಆರೋಪ ಹೊರಿಸುವುದು ನ್ಯಾಯವಲ್ಲ. ಇನ್ನು ಬರಿಗಾಲಲ್ಲಿ ಮಂಚದ ಮೇಲೆ ಕೂತು ಆಡುತ್ತಾನೆ ಎಂಬ ಹಂಗಣೆಗೆ ಅವನ ಬಳಿ ಐತಿಹಾಸಿಕ ಸಮರ್ಥನೆಯೂ ಇದೆ: 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ವಿರುದ್ಧ ಭಾರತದ ಬಹುಪಾಲು ಆಟಗಾರರು ಬರಿಗಾಲಲ್ಲೇ ಆಡಿದ್ದರು, ಒಂದು ಗೋಲನ್ನೂ ಹೊಡೆದಿದ್ದರು.

ಆ ಗೋಲು ಹೊಡೆದವರು ಯಾರು ಎಂದು ಕೇಳಿದರೆ ಮಾತ್ರ ನಮ್ಮ ನಾಯಕನ ಹೆಬ್ಬೆಟ್ಟು ಸ್ತಬ್ಧವಾಗುತ್ತದೆ. ಅವರು ಬೆಂಗಳೂರಿನ ರಾಮನ್. ಇದು ಇವನ ವಿರುದ್ಧದ ಗಟ್ಟಿಯಾದ ಆಕ್ಷೇಪ, ಇದಕ್ಕೆ ತಲೆಬಾಗಲೇಬೇಕು. ಡೆನ್ಮಾರ್ಕಿನ ಎಡ ಬ್ಯಾಕಿಗೆ ದುರ್ಬಲ ಕಾಲಿನಲ್ಲಿ ಎಷ್ಟು ನಕ್ಷತ್ರ ಎಂದು ಬಾಯಿಪಾಠ ಹೇಳುವವನಿಗೆ, 140 ಕಿಲೋಮೀಟರ್ ಆಚೆಯ ಹೈದರಾಬಾದಿನಲ್ಲಿ ಸೈಯದ್ ಅಬ್ದುಲ್ ರಹೀಮ್ ಎಂಬ ಶಾಲಾ ಮಾಸ್ತರರು ದುರ್ಬಲ ಕಾಲಲ್ಲಿ ಮಾತ್ರ ಆಡಬೇಕೆಂಬ ಪಂದ್ಯಾವಳಿಗಳನ್ನೇ ನಡೆಸಿದ್ದು ಗೊತ್ತಿಲ್ಲ. ಆ ಮಾಸ್ತರರ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ಸಲ ರೋವರ್ಸ್ ಕಪ್ ಗೆದ್ದಿತು. ಅವರು ಕಟ್ಟಿದ ಭಾರತ ತಂಡ 1951 ಮತ್ತು 1962ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನ ತಂದಿತು, 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನಕ್ಕೇರಿತು. 1956ರ ನವೆಂಬರ್ 1ರವರೆಗೆ ಬೀದರ ಇದ್ದದ್ದೂ ಹೈದರಾಬಾದ್ ರಾಜ್ಯದಲ್ಲೇ. ಅಂದರೆ ರೋವರ್ಸ್ ಕಪ್ಪಿನ ಆ ಐದು ವರ್ಷ ನಮ್ಮ ರಾಜ್ಯದ್ದೇ ಚರಿತ್ರೆ. 2023ರ ಮಾರ್ಚಿನಲ್ಲಿ ಕರ್ನಾಟಕ ತಂಡ ರಿಯಾದಿನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷಗಳ ಮೇಲೆ ಸಂತೋಷ್ ಟ್ರೋಫಿ ಗೆದ್ದಾಗಲೂ ಇವನು ಆರ್ಸೆನಲನ್ನು ಚಾಂಪಿಯನ್ ಮಾಡುವ ಅವಸರದಲ್ಲಿದ್ದ. ಫಿಫಾ 22ರಲ್ಲಿ ಇಂಡಿಯನ್ ಸೂಪರ್ ಲೀಗ್ ಬಂದು ಬೆಂಗಳೂರು ಎಫ್‌ಸಿ ಕೈಗೆಟುಕಿದರೂ, ಅದನ್ನು ಎದುರಾಳಿಗೆ ಕೊಟ್ಟು ತಾನು ರಿಯಲ್ ಮ್ಯಾಡ್ರಿಡ್ ತೆಗೆದುಕೊಳ್ಳುತ್ತಾನೆ. ಇಷ್ಟನ್ನು ಒಪ್ಪಿದ ಮೇಲೆ ಒಂದು ಮರುಪ್ರಶ್ನೆ: ರಿಯಾದಿನ ಆ ಗೆಲುವನ್ನು ನಮ್ಮ ಬೈಠಕ್ಕುಗಳಲ್ಲಿ ಹಿರಿಯರು ಎಷ್ಟು ಹೊತ್ತು ಮಾತಾಡಿದರು? ಕ್ರಿಕೆಟ್ ಸ್ಕೋರು ಕೇಳುವಷ್ಟು ಸಲ ಯಾರಾದರೂ ಕೇಳಿದರೇ? ಮನೆಯಲ್ಲಿ ಯಾರೂ ಹೇಳದ ಕತೆಯನ್ನು ಜಪಾನಿನ ಕಂಪನಿ ಹೇಳಿಕೊಡಬೇಕೆಂದರೆ ಹೇಗೆ?

ಚಟದ ಮಾತು ಬಾರದೆ ಈ ವಿಷಯ ಮುಗಿಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ಪಟ್ಟಿಯಲ್ಲಿ ಆಟದ ಚಟವನ್ನು ಸೇರಿಸಿದ್ದು ನಿಜ. 2022ರ ಜನವರಿಯಿಂದ ಆ ಪಟ್ಟಿ ಜಾರಿಯಲ್ಲಿದೆ. ಆದರೆ ಅದರ ಅಳತೆ ಬಿಗಿಯಾಗಿದೆ: ಆಟ ಕೈಮೀರಿ ಹೋಗಿರಬೇಕು, ಓದು, ಕೆಲಸ, ಸಂಬಂಧಗಳು ಅದರಿಂದ ಕೆಟ್ಟಿರಬೇಕು, ಇದು ಸಾಮಾನ್ಯವಾಗಿ ಹನ್ನೆರಡು ತಿಂಗಳಾದರೂ ಕಂಡಿರಬೇಕು. ಅಂಥವನಿಗೆ ಡಾಕ್ಟರು ಬೇಕು, ಹಾಸ್ಯಬರಹ ಸಾಲದು. ದುಡ್ಡು ಕೊಟ್ಟು ಅದೃಷ್ಟದ ಪೊಟ್ಟಣ ಒಡೆಯುತ್ತ ಅಪ್ಪನ ಖಾತೆ ಕರಗಿಸುವವನಿಗೂ ಇಲ್ಲಿ ವಕಾಲತ್ತು ಇಲ್ಲ. ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ, ಇ-ಸ್ಪೋರ್ಟ್ಸ್‌ಗೆ ಬೇರೆಯಾಗಿ ಮಾನ್ಯತೆ ಕೊಟ್ಟ ಕಾನೂನನ್ನು 2025ರ ಆಗಸ್ಟಿನಲ್ಲಿ ಸಂಸತ್ತೇ ಮಾಡಿದೆ. ಅದರ ಮಾತು ಬಂದರೆ ನಮ್ಮ ಹುಡುಗ ಎದೆ ಸೆಟೆಸಿ, ‘2023ರಾಗ ಹಾಂಗ್‌ಝೌ ಏಷ್ಯನ್ ಗೇಮ್ಸಿನ್ಯಾಗ ಈ ಫುಟ್‌ಬಾಲಿಗಿ ಪದಕ ಇತ್ತು, ನಮ್ಮ ದೇಶದವ್ರೂ ಹೋಗಿದ್ರು’ ಎನ್ನುತ್ತಾನೆ. ಮಾತು ಸತ್ಯ. ಆದರೆ ಕರೆಂಟು ಹೋದರೆ ಪಂದ್ಯ ಬಿಡುವವನಿಗೂ ಆ ಪದಕಕ್ಕೂ ಇರುವ ದೂರ, ಗಲ್ಲಿಯಲ್ಲಿ ಟೆನಿಸ್ ಚೆಂಡು ಹೊಡೆಯುವವನಿಗೂ ರಣಜಿಗೂ ಇರುವಷ್ಟೇ. ಪದಕದ ಆಸೆ ತೋರಿಸಿ ಅಪ್ಪನನ್ನು ಒಪ್ಪಿಸುವ ಅಗತ್ಯವೇ ಇಲ್ಲ. ಹತ್ತು ನಿಮಿಷ ಖುಷಿಯಾಯಿತು ಎಂಬುದು ಸಾಕಷ್ಟು ದೊಡ್ಡ ಕಾರಣ.

ಕೊನೆಯದೊಂದು ಆಕ್ಷೇಪ ಉಳಿದಿದೆ: ಎಲ್ಲದಕ್ಕೂ ಅಜ್ಜನ ಸಾಕ್ಷಿ ತಂದರೆ ಯಾವ ಹೊಸ ಚಾಳಿಯನ್ನಾದರೂ ಸಮರ್ಥಿಸಬಹುದಲ್ಲ? ಬಹುದು, ಆದ್ದರಿಂದ ಸಮರ್ಥನೆ ಇಲ್ಲಿಗೇ ನಿಲ್ಲಲಿ. ಇಷ್ಟು ಮಾತ್ರ ತೀರ್ಪು: ಕೊನಾಮಿ, ಇಎ ಕಂಪನಿಗಳು ಇಷ್ಟು ವರ್ಷ ಬೆವರಿದರೂ ಆಟದಲ್ಲಿ ಇನ್ನೂ ಒಂದು ಕೊರತೆ ಉಳಿಸಿವೆ. ಮ್ಯಾಂಚೆಸ್ಟರಿನ ಮಳೆ ಅವರಿಗೆ ಬರುತ್ತದೆ, ಔರಾದದ ಧೂಳು ಬರುವುದಿಲ್ಲ. ಪಂದ್ಯದ ನಡುವೆ ಎಮ್ಮೆ ಅಡ್ಡ ಬರುವುದಿಲ್ಲ, ಚೆಂಡು ಬಾವಿಗೆ ಬೀಳುವುದಿಲ್ಲ, ಸೋತವನು ಚೆಂಡು ತನ್ನದೆಂದು ಮನೆಗೆ ಒಯ್ಯುವುದಿಲ್ಲ. ಆ ಕೊರತೆಯನ್ನು ಹೊರಗಿನಿಂದ ತುಂಬುತ್ತಿರುವವನು ಈ ಹೆಬ್ಬೆಟ್ಟಿನ ಆಟಗಾರ. ಎಮ್ಮೆಯ ಬದಲು ಅವ್ವ ಅಡ್ಡ ಬರುತ್ತಾಳೆ, ಬಾವಿಯ ಬದಲು ಬ್ಯಾಟರಿ ನುಂಗುತ್ತದೆ, ಚೆಂಡಿನ ಬದಲು ಫೋನಿನ ಒಡೆಯ ಎದ್ದು ಹೋಗುತ್ತಾನೆ. ಹಾಗಾಗಿ ತಾಯಿತಂದೆಯರಲ್ಲಿ ಒಂದು ವಿನಂತಿ. ಫೋನು ಕಸಿಯುವ ಮೊದಲು ಸ್ಕೋರು ಎಷ್ಟೆಂದು ಕೇಳಿ. ಹೇಳುವಾಗ ಅವನು ತಲೆ ಎತ್ತುತ್ತಾನೆ. ತಲೆ ಎತ್ತಿದ ಆ ಗಳಿಗೆಯಲ್ಲಿ ರಹೀಮ್ ಮಾಸ್ತರರ ಹೆಸರು, ಬೆಂಗಳೂರಿನ ರಾಮನ್ನರ ಗೋಲು ಒಂದು ಮಾತಿನಲ್ಲಿ ಹೇಳಿಬಿಡಿ. ಆಮೇಲೆ ಇಂಜುರಿ ಟೈಮ್ ಮುಗಿಯುವವರೆಗೆ ಬಿಟ್ಟುಬಿಡಿ. ಬಿಸಿ ರೊಟ್ಟಿ ಆರಿದರೆ ಆರಲಿ, ಡಬ್ಬಿಯಲ್ಲಿ ಖಡಕ್ ರೊಟ್ಟಿ ಇದ್ದೇ ಇರುತ್ತದೆ. ಅದು ತಿಂಗಳಾದರೂ ಕೆಡುವುದಿಲ್ಲ.